ಕಾಕುವಿನ ಪಾಟಿ

ಸಾವಿರಾರು ಪುಸ್ತಕ ಹಿಡಿಯುವ ಇ-ರೀಡರ್ ತರಿಸಿ, ಅದರಲ್ಲಿ ಒಂದು ಪುಸ್ತಕವನ್ನೂ ಓದದವರು ಇಡೀ ಬೀದರಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಕಾಕು! ಭಾಲ್ಕಿಯ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಈ ಚಿಕ್ಕಮ್ಮ ಚಿದ್ರಿಯ ಮನೆಯಲ್ಲಿ ಸುಮ್ಮನೆ ಕೂರಬೇಕಲ್ಲ? ಕಂಪನಿಯವರು ಆ ಇ-ರೀಡರಿಗೆ ಹಾಕಿದ್ದ ಬೀಗವನ್ನು ಮುರಿದು, ತಾವೇ ಬರೆದ ತಂತ್ರಾಂಶವನ್ನು ಒಳಗೆ ಕೂರಿಸಿದರು.

"ಗ್ಯಾರಂಟಿ ಹೋತಲ್ರಿ ಕಾಕು!" ಎಂದೆ.

"ನಿಮ್ಮ ಕಾಕಾನ ಕಿವಿಗೇ ಗ್ಯಾರಂಟಿ ಇಲ್ಲ, ಇದಕ್ಕ್ಯಾಕ ಬೇಕು?" ಎಂದರು.

ಕಾಕಾನಿಗೆ ಕಿವಿ ಪೂರ್ತಿ ಹೋಗಿತ್ತು. ಮೊಬೈಲಿನ ಬೆಳಕಿಗೆ ಕಣ್ಣಲ್ಲಿ ನೀರು. ಕಾಗದದ ಮೇಲೆ ಬರೆದು ಮಾತಾಡುವ ಸಹನೆ ನಮಗ್ಯಾರಿಗೂ ಇರಲಿಲ್ಲ. ಸತ್ಯವನ್ನೇ ಹೇಳುತ್ತೇನೆ, ನನಗಂತೂ ಇರಲಿಲ್ಲ. ಈಗ ಕಾಕು ಮೊಬೈಲಿನಲ್ಲಿ ಒತ್ತಿದ್ದು ಕಾಕಾನ ತೊಡೆಯ ಮೇಲಿನ ಇ-ರೀಡರಿನಲ್ಲಿ ದಪ್ಪ ದಪ್ಪ ಅಕ್ಷರಗಳಲ್ಲಿ ಮೂಡತೊಡಗಿತು. ಮಕ್ಕಳ ಸ್ಲೇಟಿನಂತಿದ್ದ ಅದಕ್ಕೆ ಮನೆಯಲ್ಲಿ ಪಾಟಿ ಎಂದೇ ಹೆಸರಾಯಿತು. ಒಂದೇ ತೊಂದರೆ: ಪ್ರತಿ ಮಾತಿಗೂ ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳ್ಳಗಾಗಬೇಕು. ಇಂಥದ್ದರಲ್ಲಿ ಜಗಳ ಆಡುವುದಾದರೂ ಹೇಗೆ? ಕಾಕುವಿನ ಸಿಟ್ಟು ಪಾಟಿಗೆ ಬರುವಷ್ಟರಲ್ಲಿ ಕಾಕಾ ಚಹಾ ಮುಗಿಸಿರುತ್ತಿದ್ದರು.

ನನ್ನ ತಂಗಿಯ ಮದುವೆ ಮಾತುಕತೆಗೆ ಔರಾದಿಗೆ ಹೋಗಿದ್ದೆವು. ಹುಡುಗನ ಸೋದರಮಾವ ಬಾಯಿ ಮುಚ್ಚಲೊಲ್ಲರು! ಕಾಕು ಸೆರಗಿನ ಮರೆಯಲ್ಲಿ ಮೊಬೈಲ್ ಒತ್ತಿದರು. ಕಾಕಾನ ಪಕ್ಕದಲ್ಲೇ ಕೂತಿದ್ದ ಅದೇ ಮಾವ ಪಾಟಿಯತ್ತ ಬಗ್ಗಿ, ಎಲ್ಲರಿಗೂ ಕೇಳುವಂತೆ ಓದಿದರು: "ಈ ಮನಷ್ಯಾ ಭಾಳ ಮಾತಾಡ್ತಾನ. ನೀವೇ ಪುಣ್ಯವಂತ್ರು."

ಅಳಿಸಲು ಹೋದರೆ ಬ್ಯಾಟರಿ ಸತ್ತಿತು! ಅದರ ಪರದೆಯ ಗುಣ ವಿಚಿತ್ರ. ಬ್ಯಾಟರಿ ಸತ್ತರೂ ಕೊನೆಯ ಮಾತು ಹಾಗೇ ನಿಂತಿರುತ್ತದೆ. ಮತ್ತೆ ಚಾರ್ಜಿಗೆ ಹಾಕಿದಾಗಲೇ ಅಳಿಯುವುದು. ಊಟ ಮುಗಿಯುವವರೆಗೂ ಪಾಟಿಯ ಮೇಲೆ ಕಾಕಾನ ಟವೆಲ್ ಹೊದಿಸಿದ್ದೆವು. ಸಂಬಂಧವೇನೋ ಕೂಡಿಬಂತು.

ಹೋದ ತಿಂಗಳು ಭಾಲ್ಕಿಗೆ ಹೋದ ಕಾಕು ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಜೀವಂತವಾಗಿ ಮನೆಗೆ ಮರಳಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಚಿದ್ರಿಗೆ ಹೋದೆ. ಪಾಟಿಯ ಬ್ಯಾಟರಿ ಎಂದೋ ಸತ್ತಿತ್ತು. ಇನ್ನು ಮುಂದೆ ನಾನೇ ಕಾಕಾನ ಜೊತೆ ಮಾತಾಡಬೇಕೆಂದು ಚಾರ್ಜರ್ ತೆಗೆದು ತೋರಿಸಿದೆ. ಕಾಕಾ ಪಾಟಿಯನ್ನು ಎರಡೂ ಕೈಗಳಿಂದ ಎದೆಗೆ ಒತ್ತಿಕೊಂಡರು.

"ಬ್ಯಾಡಪಾ. ಹಚ್ಚಿದ್ರ ಅಳಿಸಿಹೋಗ್ತದ."

ಮೆಲ್ಲನೆ ಪರದೆಯನ್ನು ನನ್ನತ್ತ ತಿರುಗಿಸಿ ತೋರಿಸಿದರು: "ಭಾಲ್ಕಿಗಿ ಹೋಗಿ ಬರ್ತೇನಿ. ರೊಟ್ಟಿ ಬುಟ್ಟ್ಯಾಗ ಅವ. ನನ್ನ ದಾರಿ ಕಾಯಬ್ಯಾಡ್ರಿ, ಉಣ್ರಿ."

ನನ್ನ ಕಣ್ಣು ತುಂಬಿತು. ಪಾಟಿ ನಡೆಯದಿದ್ದರೆ ಇನ್ನು ಯಾರ ಮಾತೂ ಅವರನ್ನು ಮುಟ್ಟುವುದಿಲ್ಲ. ಅದು ಗೊತ್ತಿದ್ದೂ ಬೇಡ ಎಂದಿದ್ದರು. ಚಾರ್ಜರನ್ನು ಜೇಬಿಗೆ ಹಾಕಿಕೊಂಡೆ. ಕಾಕುವಿನ ಹಳೆಯ ಗಣಿತದ ವಹಿಯಿಂದ ಒಂದು ಹಾಳೆ ಹರಿದು, ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದೆ: "ಕಾಕಾ, ಬರ್ರಿ, ಕೂಡಿ ಉಣ್ಣೂನು."