ಅತ್ತೆಯ ಕಾರಿನ ಹೊಗೆ

ನಮ್ಮ ಸೋದರತ್ತೆಗೆ ಕಾರು ಓಡಿಸಲು ಬರುವುದಿಲ್ಲ ಎಂದವರ ಬಾಯಲ್ಲಿ ಹುಳ ಬೀಳಲಿ! ಬರುತ್ತಿತ್ತು. ಕಾರಿನ ಜೊತೆ ಜಗಳವಾಡದೆ ಓಡಿಸಲು ಮಾತ್ರ ಬರುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆ. ಗೋರೆಗಾಂವ್‌ನ ಅವರ ಕಾಲೊನಿಯಲ್ಲಿ ಕಾರು ಓಡಿಸುವ ಹೆಂಗಸು ಅವರೊಬ್ಬರೇ. ಮಾವ ಹೃದಯದ ಆಪರೇಷನ್ ಆಗಿ ಮಾಟುಂಗದ ಆಸ್ಪತ್ರೆಯಲ್ಲಿದ್ದರು. ಫ್ಲಾಸ್ಕು, ಊಟದ ಡಬ್ಬಿ ತುಂಬಿದ ದೊಡ್ಡ ಚೀಲದೊಂದಿಗೆ ಅತ್ತೆ ದಿನಾ ಹೋಗಿಬರುತ್ತಿದ್ದರು. ಆಗಲೇ ಕಾರು ಕಪ್ಪು ಹೊಗೆ ಉಗುಳತೊಡಗಿತು. ಮಾಹಿಮ್ ಸಿಗ್ನಲ್ಲಿನ ಹವಾಲ್ದಾರ ತಡೆದು, "ಬಾಯಿ, ಯೆ ಗಾಡಿ ಹೈ ಕಿ ಚೂಲಾ?" ಎಂದು ಕೇಳಿ, ಮತ್ತೊಮ್ಮೆ ಹೊಗೆ ಕಂಡರೆ ಗಾಡಿಯನ್ನೇ ಎಳೆದೊಯ್ಯುವುದಾಗಿ ಎಚ್ಚರಿಸಿದ.

"ನನ್ನ ಕಾರಿಗೆ ಒಲೆ ಅಂತಾನೆ ಕಣೋ!" ಅತ್ತೆಗೆ ಹೊಗೆಗಿಂತ ಅದರದೇ ಉರಿ.

ಅತ್ತೆಯೂ, ನೆರವಿಗೆಂದು ಬಂದಿದ್ದ ನಾನೂ ಬೈಕುಲ್ಲಾದ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಓಡಿಸಿ ನೋಡಿದ. ಹೊಗೆಯಿಲ್ಲ! ಅತ್ತೆ ಕೂತು ಗೇಟು ದಾಟಿಸಿದರೋ ಇಲ್ಲವೋ, ಬುಸ್ಸೆಂದು ಕರಿಮೋಡ. ಚೀಲ ಹೆಗಲಿಗೇರಿಸಿ ಇಳಿದು ಮತ್ತೆ ಅವನ ಕೈಗೆ ಕೊಟ್ಟರೆ, ಕಾರು ಪರಮ ಸಾಧು! "ಮ್ಯಾಡಮ್, ಧುಆ ಕಿಧರ್ ಹೈ?" ಹೊಗೆ ಎಲ್ಲಿದೆ ಎಂದು ಅವನು ನಮ್ಮನ್ನೇ ಕೇಳಿದ.

"ಥೇಟ್ ನಿಮ್ಮ ಮಾವನ ಹಾಗೆ ಕಣೋ! ಹೊರಗಿನವರ ಮುಂದೆ ಎಷ್ಟು ಸೌಮ್ಯ ನೋಡು!"

ಅಂದು ಸಂಜೆ ಕಾರಿಗೆ ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟರು. ಕಾರಿನದಕ್ಕಿಂತ ಹೆಚ್ಚು ಹೊಗೆ ಅದರಿಂದ ಬಂತು!

ಮಾವ ಮನೆಗೆ ಬರುವ ದಿನ, ಟ್ಯಾಕ್ಸಿ ಕರೆಯೋಣವೆಂದೆ. "ನಾನೇ ಬಿಟ್ಟು ಬಂದಿದ್ದು, ನಾನೇ ಕರ್ಕೊಂಡು ಹೋಗ್ತೀನಿ" ಎಂದರು ಅತ್ತೆ. ಮಾವ ಮುಂದೆ ಕೂತರು, ನಾನು ಹಿಂದೆ. ಅತ್ತೆ ಚೀಲವನ್ನು ಡ್ಯಾಶ್‌ಬೋರ್ಡಿನ ಗುಂಡಿಯೊಂದಕ್ಕೆ ನೇತುಹಾಕಿ ಹೊರಟರು. ಹೊಗೆ!

ಮಾವ ಬಗ್ಗಿ ನೋಡಿದರು. "ಲೇ, ಅದು ಗೂಟ ಅಲ್ಲ ಕಣೇ, ಚೋಕು! ಅದನ್ನ ಎಳೆದಷ್ಟೂ ಎಂಜಿನ್ನಿಗೆ ಪೆಟ್ರೋಲು ಜಾಸ್ತಿ, ಗಾಳಿ ಕಮ್ಮಿ. ಹೊಗೆ ಬರದೆ ಊದುಬತ್ತಿ ಪರಿಮಳ ಬರುತ್ತಾ?"

ಚಳಿಯಲ್ಲಿ ಕಾರು ಹೊರಡಿಸಲು ಎಳೆಯುವ ಚೋಕು ಮುಂಬಯಿಯ ಸೆಕೆಯಲ್ಲಿ ಯಾರಿಗೆ ನೆನಪಿರುತ್ತದೆ, ಹೇಳಿ! ಚೀಲ ತೆಗೆದೊಡನೆ ಗುಂಡಿ ತಾನೇ ಒಳಸೇರುತ್ತಿತ್ತು. ಪಾಪ, ಮೆಕ್ಯಾನಿಕ್ಕಿಗೆ ಹೊಗೆ ಕಾಣುವುದಾದರೂ ಹೇಗೆ?

ಚೀಲ ನನ್ನ ಮಡಿಲಿಗೆ ಬಂತು. ಮಾಹಿಮ್‌ನಲ್ಲಿ ಅದೇ ಹವಾಲ್ದಾರ ಕಾರಿನ ಹಿಂದೆ ಬಂದು ಬಗ್ಗಿದ. ಅವನು ಎದ್ದು ಕೈ ಬೀಸಿದ: "ಜಾವೋ ಬಾಯಿ!"

ಬಾಂದ್ರಾ ದಾಟಿದೆವು. ಗೇರು ಬದಲಿಸಿದ ಅತ್ತೆಯ ಕೈ ಹಾಗೇ ಸರಿದು ಮಾವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

"ಹೊಗೆ ನಿಂತಿತಲ್ಲೇ," ಮಾವ ಮೆಲ್ಲಗೆ ಕೇಳಿದರು, "ಮತ್ಯಾಕೆ ಕಣ್ಣಲ್ಲಿ ನೀರು?"