ತೂಕದ ಪಟ್ಟಿಯಲ್ಲೊಂದು ಖಾಲಿ ಮನೆ

ತಪ್ಪು ಮಾಡಿದವರನ್ನು ಬೈಯುವುದರಲ್ಲಿ ನನಗೆ ಸಾಟಿಯಿಲ್ಲ. ಆದರೆ ಬೈದು ಮುಗಿಸಿ ನೋಡಿದರೆ ತಪ್ಪು ನನ್ನದೇ ಆಗಿರುತ್ತದೆ. ಒಂದು ಸಲವಲ್ಲ, ಪ್ರತಿ ಸಲ.

ನಾನು ಓದಿದ್ದು ಹತ್ತನೇ ಕ್ಲಾಸು. ಮಗನನ್ನು ಅತ್ತೆಯ ಹತ್ತಿರ ಬಿಟ್ಟು, ಯಳಂದೂರಿನಿಂದ ಬಸ್ಸು ಹತ್ತಿ ಕೊಳ್ಳೇಗಾಲದ ಒಂದು ಸಣ್ಣ ಸರ್ವೆ ಆಫೀಸಿಗೆ ಬರುತ್ತೇನೆ. ಅಂಗನವಾಡಿ ಮಕ್ಕಳ ತೂಕವನ್ನು ಕಂಪ್ಯೂಟರಿಗೆ ತುಂಬಿ, ಆರ್ ಎಂಬ ಭಾಷೆಯಲ್ಲಿ ಲೆಕ್ಕ ಹಾಕಿಸುವುದು ಕೆಲಸ. ಒಂದು ಸಾಲು ಬರೆದರೆ ಸಾಕು, ಅದು ಇಡೀ ಪಟ್ಟಿಯನ್ನು ಒಂದೇ ಉಸಿರಿಗೆ ಮುಗಿಸುತ್ತದೆ. ತಪ್ಪನ್ನೂ ಅಷ್ಟೇ ಚುರುಕಾಗಿ ಮಾಡುತ್ತದೆ. ಆಫೀಸು ನಡೆಸುವ ಸಾರ್ ಮೊದಲ ದಿನವೇ ಹೇಳಿದ್ದರು: "ಮೂರು ತಿಂಗಳು ನೋಡ್ತೀನಮ್ಮ. ದೊಡ್ಡ ತಪ್ಪು ಮೂರಾದ್ರೆ ಮನೇಲೇ ಇದ್ಬಿಡಿ."

೧. ತೇಲುವ ಮಕ್ಕಳು

ಮಾರ್ಟಳ್ಳಿಯ ಪಟ್ಟಿಯಲ್ಲಿ, ತೂಕದ ದಿನ ಬಾರದ ಮಕ್ಕಳ ಸಾಲಿನಲ್ಲಿ ತೂಕ ಬರೆಯುವ ಮನೆಗಳು ಖಾಲಿ ಇದ್ದವು. ಸರಾಸರಿ ಕೇಳಿದರೆ ಆರ್ 'ಎನ್‌ಎ' ಎಂದಿತು. ಗೊತ್ತಿಲ್ಲ ಎಂದು ಅದರ ಅರ್ಥ. ನಮ್ಮ ಸ್ಕೂಲಿನಲ್ಲಿ ಪರೀಕ್ಷೆಗೆ ಬಾರದವರಿಗೆ ಸೊನ್ನೆ ಹಾಕುತ್ತಿದ್ದರು. ನಾನೂ ಸೊನ್ನೆ ತುಂಬಿದೆ.

"ಏನಮ್ಮ, ಸರಾಸರಿ ನಾಲ್ಕೇ ಕೆಜಿ?" ಎಂದರು ಸಾರ್.

"ಕಾಡಂಚಿನ ಊರು ಸಾ, ಮಕ್ಳು ಸಣ್ಣಗವೆ," ಎಂದೆ, ಕಣ್ಣಾರೆ ಕಂಡವಳಂತೆ. ಆ ಊರನ್ನು ನಾನು ನೋಡಿರುವುದು ಬಸ್ಸಿನ ಬೋರ್ಡಿನಲ್ಲಿ ಮಾತ್ರ.

ಸಾರ್ ಪಟ್ಟಿಯನ್ನು ಕೆಳಕ್ಕೆ ಸರಿಸಿದರು. "ಈ ಮಗು ಸೊನ್ನೆ ಕೆಜಿ. ಇದನ್ನ ಅವರಮ್ಮ ದಾರ ಕಟ್ಟಿ ಹಿಡ್ಕೊಂಡವ್ರಾ?"

೨. ಓರಣ

ಯಳಂದೂರಿನ ಪಟ್ಟಿಯಲ್ಲಿ ತೂಕಗಳು ಚೆಲ್ಲಾಪಿಲ್ಲಿ ಇದ್ದವು. ಅಡುಗೆಮನೆ ಡಬ್ಬಿಗಳ ಹಾಗೆ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದೆ. ಆದರೆ ಜೋಡಿಸಿದ್ದು ತೂಕದ ಕಾಲಂ ಒಂದನ್ನೇ. ಮಕ್ಕಳು ಇದ್ದಲ್ಲೇ ಇದ್ದರು, ತೂಕ ಮಾತ್ರ ಪಕ್ಕದವರ ಪಾಲಾಯಿತು. ಆರು ತಿಂಗಳ ಕೂಸು ಹದಿನೇಳು ಕೆಜಿ!

ಅದು ನಮ್ಮ ಬೀದಿಯ ಅಂಗನವಾಡಿಯ ಕೂಸು. ಟೀಚರಮ್ಮನಿಗೆ ಫೋನು ಮಾಡಿದೆ. "ತಕ್ಕಡಿ ಮೇಲೆ ಕೂಸು ಇಟ್ರಾ, ಅಕ್ಕಿ ಮೂಟೆ ಇಟ್ರಾ? ಕಣ್ಣು ಮನೇಲಿ ಬುಟ್ಟು ಬಂದಿದ್ರಾ?"

ಅವರು ಸಾವಧಾನವಾಗಿ ಎಂದರು: "ನನ್ ಪುಸ್ತಕದಲ್ಲಿ ಆರೂವರೆ ಅದೆ ಕಣವ್ವ. ಫೋಟೋ ಸಾರ್‌ಗೇ ಕಳಿಸ್ತೀನಿ ಬುಡು."

ಕಳಿಸಿಯೂ ಬಿಟ್ಟರು. ಸಾರ್ ನೋಡಿ ಎರಡು ಬೆರಳು ಎತ್ತಿ ತೋರಿಸಿದರು. ನಾನು ಹಳೇ ಪಟ್ಟಿ ತೆರೆದು ಕೂಸಿಗೆ ಅದರ ಆರೂವರೆ ಕೆಜಿ ವಾಪಸು ಕೊಟ್ಟೆ.

೩. ಎಲ್ಲರ ಮುಂದೆ

ಮೂರು ತಿಂಗಳು ಮುಗಿಯುವ ದಿನ ಸಾರ್ ಹನೂರು, ಯಳಂದೂರು ಕಡೆಯ ಟೀಚರಮ್ಮಂದಿರನ್ನೆಲ್ಲ ಕರೆದು, ಗೋಡೆಯ ಮೇಲೆ ಪಟ್ಟಿ ತೋರಿಸಿದರು. ತಕ್ಕಡಿ ಕಂಡರೆ ಅಳುವ ಮಕ್ಕಳನ್ನು ತಾಯಿ ಎತ್ತಿಕೊಂಡೇ ನಿಲ್ಲುತ್ತಾಳೆ, ಆಮೇಲೆ ಅವಳ ತೂಕ ಕಳೆಯಬೇಕು. ನಾನು ಬರೆದಿದ್ದ ಸಾಲು ಹೀಗೆ: ತಾಯಿಯ ತೂಕ ಇದ್ದರೆ ಕಳೆ, ಇಲ್ಲದಿದ್ದರೆ ತಕ್ಕಡಿ ತೋರಿಸಿದ್ದೇ ಮಗುವಿನ ತೂಕ.

ಅತಿ ಹೆಚ್ಚು ತೂಕದ ಮಗು ಯಾವುದು ತೋರಿಸಿ ಎಂದು ಸಾರ್ ಕಂಪ್ಯೂಟರ್ ಮುಂದೆ ಕೂತಿದ್ದ ನನಗೆ ಹೇಳಿದರು. ಹೆಸರಿಲ್ಲ, ಬರೀ ನಂಬರು. ವಯಸ್ಸು ಎರಡು, ತೂಕ ಎಪ್ಪತ್ನಾಲ್ಕು.

ಸಭೆ ಗೊಳ್ಳೆಂದಿತು. ನಮ್ಮ ಬೀದಿಯ ಟೀಚರಮ್ಮ ಪುಸ್ತಕ ತೆಗೆದು ನಂಬರು ನೋಡಿ ಎದ್ದು ನಿಂತರು. "ನನ್ ಕೇಂದ್ರದ ಮಗ ಸಾ. ಅವ್ರವ್ವ ಅಲ್ಲೇ ಕಂಪ್ಯೂಟರ್ ಮುಂದೆ ಕುಂತವ್ಳೆ. ಎತ್ಕಂಡು ತಕ್ಕಡಿ ಹತ್ತುದ್ಲು, 'ನನ್ ತೂಕ ಮಾತ್ರ ಬರೀಬೇಡಿ' ಅಂದ್ಲು."

ಭೂಮಿ ಬಿರಿಯಬಾರದೇ ಅನ್ನಿಸಿತು.

"ಮೂರನೇದು," ಎಂದರು ಸಾರ್. "ಆ ಖಾಲಿ ಮನೆ ಈಗ್ಲೇ ತುಂಬಿದ್ರೆ ಸರಿ. ನಿಮ್ ತೂಕ ಹೇಳಿ."

"ಐವತ್ತೆರಡು ಸಾ."

ಗೋಡೆಯ ಮೇಲೆ ಮಗನ ತೂಕ ಇಪ್ಪತ್ತೆರಡು ಆಯಿತು. "ಎರಡು ವರ್ಷಕ್ಕಾ?" ಎಂದರು ಸಾರ್.

"ಐವತ್ತೆಂಟು."

ಹದಿನಾರು. ಹಿಂದಿನಿಂದ ಯಾರೋ ಕೂಗಿದರು: "ಇನ್ನೊಂಚೂರು ಏರ್ಸವ್ವ, ಕೂಸು ಇಳೀಲಿ!"

ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಹೀಗೆ ನೇತುಹಾಕಿ ಎಷ್ಟು ಹೊತ್ತು ಇಡಲಿ? ಅರವತ್ತಮೂರು ಎಂದು ಒತ್ತಿದೆ. ಮಗ ಹನ್ನೊಂದಕ್ಕೆ ಇಳಿದ. ಸಭೆ ಚಪ್ಪಾಳೆ ತಟ್ಟಿತು.

ಸಾರ್ ಕನ್ನಡಕ ಒರೆಸಿಕೊಂಡು, "ಸೋಮವಾರದಿಂದ ಕಾಯಂ. ಇಷ್ಟು ಕಷ್ಟಪಟ್ಟು ಯಾರೂ ಪಟ್ಟಿ ತಿದ್ದಿರಲಿಲ್ಲ," ಎಂದರು.

ಸಂಜೆ ಯಳಂದೂರಿನ ಬಸ್ಸು ತುಂಬಿತ್ತು. ನಾನು ತಲೆ ತಗ್ಗಿಸಿ ಹತ್ತಿದೆ. ಟೀಚರಮ್ಮ ಮುಂದಿನ ಸೀಟಿನಿಂದ ಕೈ ಬೀಸಿ, ಪಕ್ಕದವರಿಗೆ ಹೇಳಿದರು:

"ವಸಿ ಅತ್ಲಾಗೆ ಸರ್ಕಳಿ, ಅರವತ್ಮೂರು ಬತ್ತಾವ್ಳೆ."