ಸಲಮಾಂಕಾದಲ್ಲಿ ದಾರಿ ತಪ್ಪದ ಮಾಮಾ

ನಮ್ಮ ಮಾಮಾನಿಗೆ ಸುರಪುರದಲ್ಲಿ ದಾರಿ ತಪ್ಪುತ್ತದೆ, ಸ್ಪೇನ್ ದೇಶದ ಸಲಮಾಂಕಾದಲ್ಲಿ ತಪ್ಪುವುದಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಕಣ್ಣಾರೆ ನೋಡುವ ತನಕ ನಾನೂ ನಂಬಿರಲಿಲ್ಲ.

ಈತ ನಮ್ಮವ್ವನ ತಮ್ಮ. ಮೂವತ್ತು ವರ್ಷ ಸುರಪುರ, ಶಹಾಪುರ, ಯಾದಗಿರಿ ಬಸ್ಸಿನಲ್ಲಿ ಕಂಡಕ್ಟರ್. ಬಸ್ಸಿನೊಳಗೆ ಇದ್ದಾನೋ, ಯಾವ ಗಿಡದ ನೆರಳಿನಲ್ಲಿ ಯಾರು ಕೈ ಮಾಡಿ ನಿಲ್ಲುತ್ತಾರೆ ಅನ್ನುವುದೂ ಗೊತ್ತು. ಇಳಿದನೋ, ಮುಗಿಯಿತು! ರಾಮಸಮುದ್ರದಲ್ಲಿ ನನ್ನ ನಿಶ್ಚಯದ ದಿನ ಓಣಿ ತಪ್ಪಿ, ಯಾರದೋ ಮನೆಯ ಕುಬುಸಕ್ಕೆ ಹೊಕ್ಕು, ಪಂಕ್ತಿಯಲ್ಲಿ ಕುಳಿತು ಉಂಡು, ಗುರುತಿಲ್ಲದ ಬಸುರಿಗೆ ಆಶೀರ್ವಾದವನ್ನೂ ಮಾಡಿ ಸಂಜೆ ನಮ್ಮ ಮನೆ ಮುಟ್ಟಿದ.

"ಅಷ್ಟೂ ಮಂದಿ ಹೊಸಬರು. ಗಂಡಿನ ಕಡೀಯವರಿರಬೇಕು ಅಂದ್ಕೊಂಡೆ" ಎಂದ. ಆಮೇಲೆ ಅವ್ವನ ಕಡೆ ತಿರುಗಿ, "ಖರೇ ಹೇಳ್ತೀನಿ ಅಕ್ಕಾ, ಹೋಳಿಗಿ ನಿಮ್ಮಕಿಂತ ಚಲೋ ಇದ್ವು!"

ಇಂಥವನಿಗೆ ಒಬ್ಬಳೇ ಮಗಳು, ಸುನಂದಾ. ತಾಯಿ ಇಲ್ಲದ ಹುಡುಗಿ. ಓದಿ ಓದಿ ವಿದ್ಯಾರ್ಥಿವೇತನ ಗಿಟ್ಟಿಸಿ, ಸಲಮಾಂಕಾದ ಹಳೆಯ ವಿಶ್ವವಿದ್ಯಾಲಯಕ್ಕೆ ಹೋದಳು. ಮಾಮಾ ಆ ವರ್ಷ ಬಸ್ಸು ಹತ್ತಿದವರಿಗೆಲ್ಲ ಟಿಕೆಟ್ಟಿನ ಜೊತೆ ಈ ಸುದ್ದಿಯನ್ನೂ ಹರಿದು ಕೊಟ್ಟ. ಎರಡನೇ ವರ್ಷ ಬೇಸಿಗೆ ರಜೆಗೆ ಊರಿಗೆ ಬಂದವಳಿಗೆ ಜ್ವರ ಬಂತು. ಆರೇ ದಿನ. ಏಳನೆಯ ದಿನ ಸುನಂದಾ ಇರಲಿಲ್ಲ.

ಮಾಮಾ ಅಳಲಿಲ್ಲ. ಮಣ್ಣಿಗೆ ಬಂದವರಿಗೆ "ಬಿಸಿಲಾಗ ನಿಂದ್ರಬ್ಯಾಡ್ರಿ, ನೆರಳಿಗೆ ಬರ್ರಿ" ಎಂದು ಜಾಗ ಮಾಡಿಕೊಟ್ಟ. ಓಣಿಯ ಮಂದಿ "ಎಂಥಾ ಕಲ್ಲೆದಿ!" ಎಂದರು. ನನಗೂ ಒಳಗೊಳಗೆ ಹಾಗೇ ಅನಿಸಿತ್ತು, ಸುಳ್ಳೇಕೆ?

ನಾನು ಯಾದಗಿರಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಹೋದ ವರ್ಷ ಮ್ಯಾಡ್ರಿಡ್‌ನಲ್ಲಿ ಒಂದು ವಿಚಾರ ಸಂಕಿರಣಕ್ಕೆ ಕರೆ ಬಂದಾಗ ಮಾಮಾ ಮನೆಗೆ ಬಂದು, ನಿಂತುಕೊಂಡೇ, "ನಾನೂ ಬರ್ತೀನಿ ಬೇ. ಅಕಿ ಓದಿದ ಊರು ಒಂದಿನ ನೋಡಿ ಬರೋಣು" ಎಂದ. ವೀಸಾ ಅರ್ಜಿಯಲ್ಲಿ ಪ್ರವಾಸದ ಉದ್ದೇಶ ಏನೆಂದು ಕೇಳಿದ್ದರು. "ನಡ್ಯಾಕ ಅಂತ ಬರಿ" ಎಂದ. ನಾನು ಪ್ರವಾಸ ಎಂದು ಬರೆದೆ.

ಮ್ಯಾಡ್ರಿಡ್‌ನಿಂದ ಸಲಮಾಂಕಾಕ್ಕೆ ಬಸ್ಸು. ಕಾದಿರಿಸಿದ ಸೀಟು ಬಿಟ್ಟು ಮಾಮಾ ಬಾಗಿಲ ಬಳಿ ನಿಂತ! ದಾರಿಗೆ ಅಡ್ಡ ನಿಂತಿದ್ದ ಸ್ಪೇನಿನ ಅಜ್ಜಿಯೊಬ್ಬಳಿಗೆ, "ಒಳಗ ಸರೀರಿ ಅಮ್ಮಾ, ಒಳಗ ಜಾಗ ಅದ" ಎಂದ. ಆಕೆ ಸರಿದಳು! ಯಾವ ಭಾಷೆ ಅರ್ಥವಾಯಿತೋ ಆ ದೇವರೇ ಬಲ್ಲ.

ಬಸ್‌ಸ್ಟ್ಯಾಂಡಿನಿಂದ ವಿಶ್ವವಿದ್ಯಾಲಯದ ತನಕ ನಕ್ಷೆ ಹಿಡಿದು ನಾನು ಮುಂದೆ, ಮಾಮಾ ಹಿಂದೆ. ಊರಿಗೆ ಊರೇ ಬಂಗಾರದ ಬಣ್ಣದ ಕಲ್ಲು. "ಶಹಾಪುರದಾಗ ಬುದ್ಧ ಮಲಗಿದಂಗ ಗುಡ್ಡ ಅದಲ್ಲ, ಅದಕ್ಕ ಅರಿಷಿಣ ಹಚ್ಚಿದಂಗ ಕಾಣ್ತದ" ಎಂದ. ವಿಶ್ವವಿದ್ಯಾಲಯದ ಹಳೆಯ ಬಾಗಿಲ ಮುಂದೆ ಜನವೋ ಜನ, ಎಲ್ಲರೂ ಕತ್ತೆತ್ತಿ ಏನೋ ಹುಡುಕುತ್ತಿದ್ದಾರೆ. ಆ ಕೆತ್ತನೆಯ ರಾಶಿಯೊಳಗೆ ಒಂದು ಸಣ್ಣ ಕಪ್ಪೆ ಇದೆ, ಅದನ್ನು ತಾನೇ ಕಂಡುಹಿಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಪಾಸು ಎಂದು ನಂಬಿಕೆ. ಇತಿಹಾಸದ ಮೇಡಂ ನಾನು, ಕಾಲು ಗಂಟೆ ಹುಡುಕಿದೆ. ಫೇಲು!

"ಬಲಗಡೀ ಕಂಬ. ಮ್ಯಾಲ ಬುರುಡಿ ಅದಾವ ನೋಡು, ಒಂದರ ತಲಿ ಮ್ಯಾಲ ಕುಂತದ" ಎಂದ ಮಾಮಾ, ಬೂಟಿನ ದಾರ ಕಟ್ಟಿಕೊಳ್ಳುತ್ತ. ತಲೆ ಎತ್ತಿರಲೇ ಇಲ್ಲ!

ಎದ್ದವನೇ ನಡೆಯತೊಡಗಿದ. ನನ್ನ ಕೈಯಲ್ಲಿದ್ದ ನಕ್ಷೆ ಕೈಯಲ್ಲೇ ಉಳಿಯಿತು. ದೊಡ್ಡ ಚರ್ಚಿನ ಬಾಗಿಲ ಬಳಿ, "ಇಲ್ಲಿ ಚಂದ್ರಲೋಕಕ್ಕ ಹೋಗಾವನ್ನ ಕೆತ್ಯಾರ" ಎಂದು ಬೆರಳು ತೋರಿಸಿದ. ಇದ್ದ! ಈಚೆಗೆ ರಿಪೇರಿ ಮಾಡುವಾಗ ಸೇರಿಸಿದ ಗಗನಯಾತ್ರಿ. ಒಂದು ತಿರುವಿನಲ್ಲಿ, "ಈ ಹಾಸಗಲ್ಲು ಅಳ್ಳಾಡ್ತದ, ಕಾಲಿಟ್ಟಿಗಿಟ್ಟೀ" ಎಂದ. ಇಟ್ಟೆ. ಅಳ್ಳಾಡಿತು. ಹಂದಿಯ ತೊಡೆಗಳನ್ನು ಸಾಲಾಗಿ ತೂಗುಹಾಕಿದ ಅಂಗಡಿ ಬರುವ ಮೊದಲೇ ರಸ್ತೆ ದಾಟಿದ. "ಆ ವಾಸನಿ ಅಕಿಗೆ ಆಗಿಬರಂಗಿಲ್ಲ."

"ಮಾಮಾ, ನಿನಗ ಹೆಂಗ ಗೊತ್ತು ಇದೆಲ್ಲಾ?"

"ಎರಡು ವರ್ಷ ದಿನಾ ಇದೇ ರಸ್ತಾ ನಡದೇನಿ ಬೇ."

ಇಲ್ಲಿ ಮಧ್ಯಾಹ್ನ ಕ್ಲಾಸು ಬಿಟ್ಟು ಸುನಂದಾ ಊಟಕ್ಕೆ ಮನೆಗೆ ನಡೆಯುವಾಗ, ಸುರಪುರದಲ್ಲಿ ಸಂಜೆ. ಆಕೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ದಾರಿಯ ಕಡೆ ತಿರುಗಿಸಿ ನಡೆಯುತ್ತಿದ್ದಳಂತೆ. ಇವನು ಪಡಸಾಲೆಯಲ್ಲಿ ಕುಳಿತು, "ಸೈಕಲ್ ಬಂತು, ಸರಕೋ" ಅನ್ನುತ್ತಿದ್ದನಂತೆ. ನಕ್ಷೆಯನ್ನು ಮಡಚಿ ಚೀಲಕ್ಕೆ ಹಾಕಿದೆ. ಅವನ ಹಿಂದೆ ನಡೆದೆ.

ಹಸಿರು ಬಣ್ಣದ ಬಾಗಿಲೊಂದರ ಮುಂದೆ ಮಾಮಾ ನಿಂತುಬಿಟ್ಟ. ಸುನಂದಾ ಬಾಡಿಗೆಗಿದ್ದ ಮನೆ. ನಾವು ಬರುವುದನ್ನು ಮನೆಯೊಡತಿಗೆ ನಾನು ಮೊದಲೇ ತಿಳಿಸಿದ್ದೆ.

"ಇಲ್ಲಿಂದ ಮುಂದ ನನಗ ಗೊತ್ತಿಲ್ಲ" ಎಂದ. "ಮೆಟ್ಟಲದಾಗ ನೆಟ್‌ವರ್ಕ್ ಸಿಗಂಗಿಲ್ಲಪ್ಪಾ ಅಂತ ಇಲ್ಲೇ ಫೋನ್ ಇಡ್ತಿದ್ಳು."

ಗಂಟೆ ಒತ್ತಿದೆ. ಬಾಗಿಲು ತೆರೆಯಿತು. ಮೊದಲ ತಿರುವು ಹತ್ತಿ ಮಾಮಾ ಮತ್ತೆ ನಿಂತ.

"ಫೋನ್ ನೋಡು ಬೇ. ನೆಟ್‌ವರ್ಕ್ ಅದ ಏನು?"

ನೋಡಿದೆ. ಎಲ್ಲ ಗೆರೆಗಳೂ ತುಂಬಿದ್ದವು. ಇಲ್ಲ ಅನ್ನೋಣವೆಂದು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈಯಿಂದ ಫೋನ್ ತೆಗೆದುಕೊಂಡ. ಅದನ್ನೇ ನೋಡುತ್ತ ಇನ್ನೊಂದು ತಿರುವು ಹತ್ತಿದ. ಅಲ್ಲೂ ತುಂಬಿತ್ತು.

"ಕಳ್ಳಿ!" ಎಂದು ಜೋರಾಗಿ ನಕ್ಕ. "ನನ್ನ ಮಾತು ಸಾಕಾಗಿರಬೇಕು ಬೇ ಅಕಿಗೆ. ಹಸದು ಬಂದಿರ್ತಿದ್ಳು... ಉಣ್ಣಾಕ ಬಿಡಬೇಕಿತ್ತಿಲ್ಲೇನು ನಾ?"

ನಗುತ್ತಲೇ ಮೆಟ್ಟಿಲ ಮೇಲೆ ಕುಸಿದು ಕುಳಿತ. ನಗುವುದು ಎಲ್ಲಿ ನಿಂತಿತು, ಅಳುವುದು ಎಲ್ಲಿ ಶುರುವಾಯಿತು, ನನಗೆ ತಿಳಿಯಲಿಲ್ಲ. ಮೇಲಿನಿಂದ ಮನೆಯೊಡತಿ ಮುದುಕಿ ಗೋಡೆ ಹಿಡಿದು ಹಿಡಿದು ಇಳಿದು ಬಂದಳು. ಅವನ ಪಕ್ಕದಲ್ಲಿ ಕಷ್ಟಪಟ್ಟು ಕುಳಿತು, ಬೆನ್ನ ಮೇಲೆ ಕೈಯಿಟ್ಟಳು.